ಪೂರ್ವಕ್ಕೆ ಯಾರ ಹೊಲ?

“ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಅಣ್ಣನ ಪಾಲಿನ ಹೊಲ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಸದರೀ ನಂಬರಿನ ಪೈಕಿ ಉಳಿದ ಜಮೀನು.” ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಮನೆಗಳಲ್ಲಿ ಟ್ರಂಕಿನ ತಳದಿಂದ ಹಳೆಯ ಖರೀದಿ ಪತ್ರ ಹೊರತೆಗೆದರೆ ಹೆಚ್ಚುಕಡಿಮೆ ಇದೇ ಧಾಟಿಯ ನಾಲ್ಕು ಸಾಲು ಕಣ್ಣಿಗೆ ಬೀಳುತ್ತವೆ. ಬರೆದ ದಿನ ಅದರಲ್ಲಿ ಕೊಂಕು ತೆಗೆಯುವಂತಿರಲಿಲ್ಲ. ಬರೆದವನಿಗೆ ಹೊಲ ಗೊತ್ತು, ಬರೆಸಿದವನಿಗೆ ಗೊತ್ತು, ಸಾಕ್ಷಿ ಹಾಕಿದ ಪಂಚರಿಗಂತೂ ಬದುವಿನ ಮೇಲೆ ಎಷ್ಟು ಗಿಡ ಇವೆ ಎಂಬುದೂ ಗೊತ್ತು. ಎರಡು ತಲೆಮಾರು ಕಳೆದು ಅದೇ ಪತ್ರದ ನಕಲು ಕೋರ್ಟಿನ ಕಟ್ಟೆ ಹತ್ತಿದಾಗ ಪ್ರಶ್ನೆಗಳೇ ಬೇರೆ. ಯಾರ ಅಣ್ಣ? ಯಾವ ಹಳ್ಳ? ‘ಸದರೀ ನಂಬರು’ ಎಂದರೆ ಯಾವ ಊರಿನದು? ‘ಉಳಿದ ಜಮೀನು’ ಎಂದರೆ ಯಾವುದನ್ನು ಕಳೆದು ಉಳಿದದ್ದು?

ಹಳೆಯ ಕಾಗದ ಎಂದೊಡನೆ ಗೆದ್ದಲು, ಬೆಂಕಿ, ಮಳೆಯ ಸೋರಿಕೆ ನೆನಪಾಗುತ್ತವೆ. ಈ ಭಾಗದ ತಂಟೆ ಬಹಳ ಸಲ ಅದಲ್ಲ. ಕಾಗದ ಇದೆ, ಅಕ್ಷರ ಓದಲು ಬರುತ್ತದೆ, ಮುದ್ರೆಯೂ ಸ್ಪಷ್ಟವಾಗಿದೆ. ಆದರೆ ಬರೆಯುವಾಗ ಅದು ಎಲ್ಲಿತ್ತೋ ಆ ಜಾಗದಿಂದ ಎದ್ದು ಬಂದಿದೆ. ಊರ ಲೆಕ್ಕ ಬರೆಯುತ್ತಿದ್ದ ಕುಲಕರ್ಣಿಯ ಮನೆಯಿಂದ ತಲಾಠಿಯ ಕಚೇರಿಗೆ, ಸಂಸ್ಥಾನದಿಂದ ಜಿಲ್ಲೆಗೆ, ಮುಂಬಯಿ ರಾಜ್ಯದಿಂದ ಮೈಸೂರಿಗೆ, ಮೋಡಿ ಲಿಪಿಯಿಂದ ಕನ್ನಡಕ್ಕೆ, ಪುಸ್ತಕದಿಂದ ಕಂಪ್ಯೂಟರಿಗೆ ಎಂದು ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ದಪ್ತರ ಗಂಟು ಕಟ್ಟಿ ಬಿಚ್ಚಿದಷ್ಟು ಸಲ ಕರ್ನಾಟಕದ ಬೇರೆ ಕಡೆ ಬಿಚ್ಚಿರುವುದು ಅಪರೂಪ. ಪ್ರತಿ ಸಲ ನಕಲು ಮಾಡುವಾಗಲೂ ಪೂರ್ಣ ವಿಳಾಸ ಬರೆದ ನಮೂದು ದಾಟಿ ಬಂತು. ‘ಇಲ್ಲಿಯದೇ’, ‘ಮೇಲಿನದೇ’, ‘ಪಕ್ಕದ್ದೇ’ ಎಂದು ಬರೆದದ್ದು ದಾರಿಯಲ್ಲಿ ತಪ್ಪಿಸಿಕೊಂಡಿತು.

ನಾಲ್ಕು ದಿಕ್ಕಿನ ಗುರುತು ಹೇಳಿ ಜಮೀನು ತೋರಿಸುವ ಚಕ್ಕುಬಂದಿಯ ಪದ್ಧತಿ ಬ್ರಿಟಿಷರಿಗಿಂತ, ಮರಾಠರಿಗಿಂತ ಬಹಳ ಹಿಂದಿನದು. ಈ ಸೀಮೆಯನ್ನು 12, 13ನೆಯ ಶತಮಾನಗಳಲ್ಲಿ ಸವದತ್ತಿಯ ರಟ್ಟರು ಆಳಿದರು. ರಾಯಬಾಗದಲ್ಲಿ ನಾಲ್ಕನೆಯ ಕಾರ್ತವೀರ್ಯನ ಕಾಲದ ಶಾಸನವಿದೆ. ಅವನದೇ ತಾಮ್ರಪಟವೊಂದು ನಿಪ್ಪಾಣಿ ಹತ್ತಿರದ ಭೋಜ ಎಂಬ ಊರಿನದು. ಆ ತಾಮ್ರಪಟವನ್ನು ಓದಿ ಪ್ರಕಟಿಸಿದವರು ಜೆ. ಎಫ್. ಫ್ಲೀಟ್. ಕನ್ನಡ ನಾಡಿನ ದಾನಶಾಸನಗಳು ಭೂಮಿಯನ್ನು ಮತ್ತರು, ಕಮ್ಮಗಳಲ್ಲಿ ಅಳೆದು, ಯಾವ ಗಳೆಯಿಂದ ಅಳೆದದ್ದು ಎಂದು ಹೇಳಿ, ಆಮೇಲೆ ಮೂಡಲು, ತೆಂಕಲು, ಪಡುವಲು, ಬಡಗಲು ಏನಿದೆ ಎಂದು ಎಣಿಸುತ್ತವೆ. ಗಳೆಯ ಉದ್ದ ಊರಿಂದ ಊರಿಗೆ ಬೇರೆ ಇರುತ್ತಿದ್ದುದರಿಂದ ಅದರ ಹೆಸರು ಹೇಳದೆ ಗತ್ಯಂತರವಿರಲಿಲ್ಲ. ಕಲ್ಲಿನ ಶಾಸನಕ್ಕೆ ಒಂದು ಅನುಕೂಲವಿತ್ತು: ಅದು ಊರೊಳಗೇ, ಬಸದಿಯ ಅಥವಾ ಗುಡಿಯ ಮುಂದೆಯೇ ನಿಂತಿರುತ್ತಿತ್ತು. ‘ಈ ಕೆರೆಯ ಮೂಡಲು’ ಎಂದರೆ ಓದುವವನು ತಲೆಯೆತ್ತಿ ನೋಡಿದರೆ ಕೆರೆ ಕಾಣುತ್ತಿತ್ತು. ತಾಮ್ರಪಟಕ್ಕೆ ಆ ಭಾಗ್ಯವಿಲ್ಲ. ಅದು ಕೈಯಿಂದ ಕೈಗೆ ಹೋಗುತ್ತದೆ, ಊರು ಬಿಡುತ್ತದೆ, ಕೊನೆಗೆ ವಸ್ತುಸಂಗ್ರಹಾಲಯದ ಗಾಜಿನೊಳಗೆ ಕೂರುತ್ತದೆ.

ಮರಾಠರ ಕಾಲಕ್ಕೆ ಬಂದರೆ ಗಳೆಯ ಜಾಗದಲ್ಲಿ ಕಾಠಿ. ಶಿವಾಜಿಯ ಕಾಲದ ಅಳತೆಯಂತೆ 5 ಮೊಳ 5 ಮುಷ್ಟಿಗೆ ಒಂದು ಕಾಠಿ, 20 ಕಾಠಿ ಉದ್ದ 20 ಕಾಠಿ ಅಗಲಕ್ಕೆ ಒಂದು ಬಿಘಾ, 120 ಬಿಘಾಕ್ಕೆ ಒಂದು ಚಾಹೂರ. ಇಷ್ಟು ಖಚಿತ ಲೆಕ್ಕ ಕಾಗದದ ಮೇಲೆ ಇದ್ದರೂ ಹೊಲದಲ್ಲಿ ಜನ ಮಾತಾಡುತ್ತಿದ್ದುದು ಕೂರಿಗೆಯ ಲೆಕ್ಕ. ‘ನಾಲ್ಕು ಕೂರಿಗಿ ಹೊಲ’ ಎಂದರೆ ಬಿತ್ತುವವನಿಗೆ ಸಾಕು. ಅದು ಎರೆಯೋ ಮಡ್ಡಿಯೋ ಎಂಬುದರ ಮೇಲೆ ವಿಸ್ತೀರ್ಣ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು.

ದಪ್ತರ ಇರುತ್ತಿದ್ದುದು ಕುಲಕರ್ಣಿಯ ಮನೆಯಲ್ಲಿ, ರುಮಾಲಿನಲ್ಲಿ ಕಟ್ಟಿದ ಗಂಟುಗಳಾಗಿ. ಬರೆಯುತ್ತಿದ್ದುದು ಮೋಡಿ ಲಿಪಿಯಲ್ಲಿ: ಮೇಲೆ ಉದ್ದಕ್ಕೆ ಗೆರೆ ಎಳೆದು, ಲೇಖನಿ ಎತ್ತದೆ, ಪದಗಳ ನಡುವೆ ಜಾಗ ಬಿಡದೆ. ಇ-ಈ, ಉ-ಊ ಭೇದವನ್ನು ಮೋಡಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೇಗ ಬರೆಯಲು ಹುಟ್ಟಿದ ಈ ಬರವಣಿಗೆಗೆ ಬೇಗದ ಮಾತುಗಳೂ ಬೇಕಾದವು. ಹಾಳೆಯ ತಲೆಯಲ್ಲಿ ಒಮ್ಮೆ ಊರ ಹೆಸರು ಬರೆದರೆ ಮುಂದೆ ಎಲ್ಲ ಕಡೆ ‘ಮೌಜೆ ಮಜಕೂರ’, ಅಂದರೆ ಮೇಲೆ ಹೇಳಿದ ಊರು. ವರ್ಷ ಒಮ್ಮೆ ಬರೆದರೆ ಮುಂದೆ ‘ಸಾಲ ಮಜಕೂರ’. ಹೋದ ವರ್ಷದ ಬಾಕಿಗೆ ‘ಸಾಲ ಗುದಸ್ತ’. ಕನ್ನಡದಲ್ಲಿ ಬರೆದ ಕಾಗದಗಳಲ್ಲಿ ಇದೇ ಕೆಲಸವನ್ನು ‘ಸದರೀ’ ಮಾಡಿತು. ಗಂಟು ಬಿಚ್ಚದೆ ಒಂದೇ ಮನೆಯಲ್ಲಿ ಇದ್ದಷ್ಟು ಕಾಲ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ನಡುವಿನ ಒಂದು ಹಾಳೆ ಎತ್ತಿಕೊಂಡು ಬೇರೆ ಗಂಟಿಗೆ ಕಟ್ಟಿದರೆ ಮಾತ್ರ ‘ಮಜಕೂರ’ ಯಾವ ಊರನ್ನೂ ಹೇಳುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಹೊಸ ಗಂಟಿನಲ್ಲಿ ಅದರ ಮೇಲೆ ಬೇರೆ ಊರಿನ ಹಾಳೆ ಇದ್ದರೆ ಅದು ಆ ಊರಿನದೇ ಆಗಿಬಿಡುತ್ತದೆ.

ವರ್ಷದ ಗೊಂದಲವೂ ಚಿಕ್ಕದಲ್ಲ. ಸುಹೂರ ಸನವನ್ನು ಅರಬ್ಬಿ ಸಂಖ್ಯಾವಾಚಕಗಳಲ್ಲಿ ಬರೆಯುತ್ತಿದ್ದರು, ಕ್ರಿಸ್ತಶಕಕ್ಕೆ ತರಲು 599 ಅಥವಾ 600 ಕೂಡಿಸಬೇಕು. ಫಸಲಿಗೆ 590 ಅಥವಾ 591. ಎರಡೂ ಮಿರಗದ ಮಳೆಯ ಸುಮಾರಿಗೆ ಹೊಸ ವರ್ಷ ತೊಡಗುವ ಲೆಕ್ಕಗಳು. ಯಾವ ಸನ ಎಂದು ಹೇಳದೆ ಅಂಕಿಯನ್ನಷ್ಟೇ ನಕಲು ಮಾಡಿದರೆ ಪತ್ರದ ವಯಸ್ಸು ಒಂಬತ್ತು ವರ್ಷ ಆಚೀಚೆ ಸರಿಯುತ್ತದೆ. ವಾರಸಾ ತಕರಾರಿನಲ್ಲಿ ಅಷ್ಟು ಸಾಕು. ಅಜ್ಜ ಹುಟ್ಟುವ ಮೊದಲೇ ಹೊಲ ಕೊಂಡಿದ್ದಾನೆ ಎಂದಾಗಿಬಿಡುತ್ತದೆ.

ಆಮೇಲೆ ಗಂಟುಗಳು ನಿಜಕ್ಕೂ ಓಡಾಡತೊಡಗಿದವು. 1818ರಲ್ಲಿ ಪೇಶವಾಯಿ ಮುಗಿಯಿತು. ಚಿಕ್ಕೋಡಿ ಮತ್ತು ಮನೋಳಿ ಸೀಮೆಗಳು ಕೊಲ್ಹಾಪುರದ ಕೈಗೆ ಹೋಗಿ 1820ರ ದಶಕದಲ್ಲೇ ಮರಳಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದವು. ನಿಪ್ಪಾಣಿಯನ್ನು ಆಳುತ್ತಿದ್ದ ಅಪ್ಪಾ ದೇಸಾಯಿ, ಅಂದರೆ ಸಿದ್ದೋಜಿರಾವ ನಿಂಬಾಳಕರ, 1839ರಲ್ಲಿ ತೀರಿಕೊಂಡ ಮೇಲೆ ಆ ಜಹಗೀರನ್ನೂ ಕಂಪನಿ ಸೇರಿಸಿಕೊಂಡಿತು. ಬೆಳಗಾವಿ ಅಷ್ಟರಲ್ಲಿ, 1836ರಲ್ಲಿ, ಧಾರವಾಡದಿಂದ ಬೇರೆಯಾಗಿ ಸ್ವಂತ ಜಿಲ್ಲೆಯಾಗಿತ್ತು. ರಾಯಬಾಗ ಮಾತ್ರ ಕೊಲ್ಹಾಪುರ ಸಂಸ್ಥಾನದೊಳಗೇ ಉಳಿಯಿತು. ಅಥಣಿಯಿಂದ ರಾಯಬಾಗಕ್ಕೆ ಹೊರಟ ಎತ್ತಿನ ಬಂಡಿ ಬ್ರಿಟಿಷ್ ನೆಲ ಬಿಟ್ಟು ಮಹಾರಾಜರ ನೆಲಕ್ಕೆ ದಾಟುತ್ತಿತ್ತು. ಹಾಗೆಯೇ ಎರಡು ಊರುಗಳ ಶಿವಾರ ಕೂಡುವಲ್ಲಿ ಎರಡು ಸರ್ಕಾರಗಳ ದಪ್ತರವೂ ಕೂಡುತ್ತಿತ್ತು. ಈಚೆ ಪತ್ರದಲ್ಲಿ ‘ಪಶ್ಚಿಮಕ್ಕೆ ಸಂಸ್ಥಾನದ ಹದ್ದು’ ಎಂದರೆ ಮುಂದೆ ಏನಿದೆ ಎಂದು ತಿಳಿಯಲು ಬೇರೆ ರಾಜ್ಯದ ಕಾಗದ ನೋಡಬೇಕು.

ಇನಾಮು ಜಮೀನುಗಳ ತನಿಖೆ ಇನ್ನಷ್ಟು ಕಾಗದವನ್ನು ಊರು ಬಿಡಿಸಿತು. ದಕ್ಷಿಣ ಮರಾಠಾ ಸೀಮೆಯಲ್ಲಿ 1843ರಲ್ಲಿ ಶುರುವಾದ ವಿಚಾರಣೆ 1852ರ ಕಾಯ್ದೆಯಿಂದ ಇನಾಮ್ ಕಮಿಷನ್ ಆಗಿ ಬೆಳೆಯಿತು. ದೇವರ ಮಾನ್ಯ, ಮಠದ ಮಾನ್ಯ, ವತನ, ಜೋಡಿ ಎಲ್ಲದಕ್ಕೂ ಸನದು ತೋರಿಸಬೇಕಾಯಿತು. ಪುಣೆಯ ಪೇಶವೆ ದಪ್ತರದಲ್ಲಿ ಇವತ್ತು ಇರುವ ಅಸಂಖ್ಯ ರುಮಾಲುಗಳಲ್ಲಿ ಕನ್ನಡ ಸೀಮೆಯ ಊರುಗಳ ಲೆಕ್ಕವೂ ಉಂಟು, ಕೊಲ್ಹಾಪುರದ ಪುರಾಭಿಲೇಖಾಗಾರದಲ್ಲಿ ಸಂಸ್ಥಾನದ ಕಾಗದಗಳಿವೆ. ಬೆಳಗಾವಿ ಜಿಲ್ಲೆಯ ಒಂದು ಹೊಲದ ಮೂರು ತಲೆಮಾರಿನ ಕಥೆ ಮೂರು ಊರುಗಳಲ್ಲಿ ಹಂಚಿಹೋಗಿರುವುದು ಹೀಗೆ.

ಈ ಎಲ್ಲ ‘ಮೇಲಿನದು, ಪಕ್ಕದ್ದು’ಗಳ ನಡುವೆ ನಂಬರಿನ ವಿಳಾಸವನ್ನು ತಂದದ್ದು ಮುಂಬಯಿ ಸರ್ಕಾರದ ಕಂದಾಯ ಮೋಜಣಿ. 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ಜಾರ್ಜ್ ವಿಂಗೇಟ್ ಅದನ್ನು ತೊಡಗಿದರು. 1847ರಲ್ಲಿ ಅವರಿಬ್ಬರೂ ಡೇವಿಡ್‌ಸನ್ನನೂ ಸೇರಿ ಬರೆದ ಜಂಟಿ ವರದಿ ನಿಯಮಗಳನ್ನು ಗಟ್ಟಿ ಮಾಡಿತು. 19ನೆಯ ಶತಮಾನದ ನಡುವಿನ ದಶಕಗಳಲ್ಲಿ ಬೆಳಗಾವಿ ಜಿಲ್ಲೆಯ ತಾಲ್ಲೂಕುಗಳು ಒಂದೊಂದಾಗಿ ಅಳತೆಗೆ ಬಂದವು. ಮುಂದೆ ಕೊಲ್ಹಾಪುರವೂ ಮುಂಬಯಿಯ ಮಾದರಿಯನ್ನೇ ಹಿಡಿಯಿತು.

ಅಳತೆಯ ಸಾಧನ 33 ಅಡಿಯ ಸರಪಳಿ. ಅದಕ್ಕೆ 16 ಆಣೆಗಳ ಭಾಗ. ಸರಪಳಿ ಉದ್ದ, ಸರಪಳಿ ಅಗಲ ಆದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಗುಂಟೆಯನ್ನು ಮತ್ತೆ 16 ಆಣೆಯಾಗಿ ಒಡೆಯಬಹುದು. ರೂಪಾಯಿಯ ಲೆಕ್ಕ ಬಲ್ಲ ರೈತನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆಣೆ ನಾಣ್ಯ ಹೋಗಿ ಎಷ್ಟೋ ಕಾಲವಾದರೂ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಎಕರೆ, ಗುಂಟೆಗಳ ಪಕ್ಕ ಆಣೆಯ ಕಾಲಂ ಇವತ್ತಿಗೂ ಉಳಿದಿದೆ. ಅಳೆದ ಪ್ರತಿ ತುಣುಕಿಗೂ ಊರಿನ ಮಟ್ಟಿಗೆ ಒಂದು ನಂಬರು, ಮೂಲೆಗಳಿಗೆ ಬಾಂದುಗಲ್ಲು, ಪ್ರತಿ ನಂಬರಿಗೂ ಟಿಪ್ಪಣಿ ಎಂಬ ಕೈನಕ್ಷೆ, ವಿಸ್ತೀರ್ಣ ಮತ್ತು ಕಂದಾಯಕ್ಕೆ ಆಕಾರಬಂದ.

ಟಿಪ್ಪಣಿಯನ್ನು ಹತ್ತಿರದಿಂದ ನೋಡಿದರೆ ಅದೂ ಸುತ್ತಲಿನದನ್ನೇ ನೆಚ್ಚಿಕೊಂಡದ್ದು. ಹೊಲದ ಒಳಗೆ ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ನೇರ ಗೆರೆ. ಆ ಗೆರೆಯ ಮೇಲೆ ಇಷ್ಟು ಸರಪಳಿ ಹೋದ ಮೇಲೆ ಎಡಕ್ಕೆ ಇಷ್ಟು ಆಣೆ, ಬಲಕ್ಕೆ ಇಷ್ಟು ಆಣೆ ಎಂದು ಮೂಲೆಗಳ ಗುರುತು. ಕ್ರಾಸ್ ಸ್ಟಾಫ್ ಇಟ್ಟು ಲಂಬ ನೋಡುವುದು, ಸರಪಳಿ ಎಳೆಯುವುದು, ಇಷ್ಟರಲ್ಲೇ ಕೆಲಸ ಮುಗಿಯಿತು. ಅಕ್ಷಾಂಶ, ರೇಖಾಂಶದ ಗೋಜಿಲ್ಲ. ಕಲ್ಲು ಇದ್ದಲ್ಲೇ ಇರುವವರೆಗೆ ಟಿಪ್ಪಣಿಯಂಥ ಸಾಕ್ಷಿ ಬೇರೊಂದಿಲ್ಲ. ಯಾರೋ ರಾತ್ರೋರಾತ್ರಿ ಕಲ್ಲನ್ನು ನಾಲ್ಕು ಮಾರು ಸರಿಸಿದರೆ ಇಡೀ ಹೊಲವೇ ಕಾಗದದ ಪ್ರಕಾರ ನಾಲ್ಕು ಮಾರು ಸರಿದಂತೆ. ಹದ್ದುಬಸ್ತಿಗೆ ಬಂದ ಸರ್ವೇಯರ್ ಮೊದಲು ಹುಡುಕುವುದು ಅದಕ್ಕೇ ಬದುವನ್ನಲ್ಲ, ಸರಿಯದೆ ಉಳಿದಿರುವ ಎರಡು ಹಳೆಯ ಕಲ್ಲುಗಳನ್ನು.

ನಂಬರಿಗೂ ಒಂದು ಮಿತಿಯಿತ್ತು. ಅದು ಆಯಾ ಊರೊಳಗೆ ಮಾತ್ರ ಒಂದೇ ಒಂದು. ಪ್ರತಿ ಊರಿನ ಎಣಿಕೆಯೂ ಒಂದರಿಂದಲೇ ಶುರು. ಈಗಿನ ಕಾಗವಾಡ ತಾಲ್ಲೂಕಿನಲ್ಲಿ ಉಗಾರ ಬುದ್ರುಕ, ಉಗಾರ ಖುರ್ದ ಎಂದು ಎರಡು ಊರುಗಳಿವೆ. ಮಾತಿನಲ್ಲಿ ಎರಡೂ ಉಗಾರವೇ. ಸಕ್ಕರೆ ಕಾರ್ಖಾನೆಯಿಂದ ಹೆಸರಾದದ್ದು ಖುರ್ದ. ‘ಉಗಾರದ ಸರ್ವೆ ನಂಬರು ಇಂಥದ್ದು’ ಎಂದು ಅರ್ಧ ಬರೆದ ಚೀಟಿಗೆ ಎರಡು ಹೊಲಗಳು ಉತ್ತರ ಕೊಡುತ್ತವೆ, ಎರಡೂ ನಿಜವಾದ ಹೊಲಗಳೇ. ಹೊಲ ಸಿಗದೇ ಹೋದರೆ ಗುಮಾಸ್ತ ತಲೆ ಕೆರೆದುಕೊಂಡು ಮತ್ತೆ ವಿಚಾರಿಸುತ್ತಾನೆ. ತಪ್ಪು ಹೊಲ ಸಿಕ್ಕಿಬಿಟ್ಟರೆ ವಿಚಾರಿಸುವ ಪ್ರಮೇಯವೇ ಇಲ್ಲ; ಮುದ್ರೆ ಬೀಳುತ್ತದೆ.

ನಿಪ್ಪಾಣಿಯ ತಂಬಾಕು ಪೇಟೆಯವರಿಗೆ ಈ ಪಾಠ ಲೆಕ್ಕದ ವಹಿಗಳಿಂದಲೇ ಆಗಿತ್ತು. ಕೀರ್ದಿಯಲ್ಲಿ ದಿನದ ವ್ಯವಹಾರ, ಖತಾವಣಿಯಲ್ಲಿ ಆಸಾಮಿವಾರು ಲೆಕ್ಕ. ಖತಾವಣಿಯ ಪ್ರತಿ ಸಾಲೂ ಕೀರ್ದಿಯ ಒಂದು ಪಾನಕ್ಕೆ ಕೈ ತೋರಿಸುತ್ತದೆ. ದೀಪಾವಳಿಯ ಪಾಡ್ಯಕ್ಕೆ ಹೊಸ ವಹಿ ಪೂಜೆಯಾದ ಮೇಲೆ ಪಾನಗಳ ಎಣಿಕೆ ಮತ್ತೆ ಒಂದರಿಂದ. ಹಳೆಯ ಬಾಕಿಯನ್ನು ಹೊಸದಕ್ಕೆ ಎಳೆಯುವಾಗ ಯಾವ ಸಾಲಿನ ವಹಿಯ ಎಷ್ಟನೆಯ ಪಾನ ಎಂದು ಪೂರ್ತಿ ಬರೆಯದಿದ್ದರೆ ಸಾಲ ಕೊಟ್ಟವನೇ ಕೆಟ್ಟ.

ಸರ್ಕಾರದ ಪುಸ್ತಕ ಅಷ್ಟು ಜಾಣತನ ತೋರಿಸಲಿಲ್ಲ. ಮುಂಬಯಿ ಪ್ರಾಂತದಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. 1913ರಲ್ಲಿ ಅದು 1879ರ ಭೂಕಂದಾಯ ಸಂಹಿತೆಯೊಳಗೇ ಸೇರಿತು. ಗ್ರಾಮ ನಮೂನೆ 7 ಮತ್ತು 12 ಸೇರಿ ‘ಸಾತಬಾರಾ’. ಇವತ್ತು ಅಚ್ಚಾಗಿ ಬರುವುದು ಪಹಣಿ ಎಂಬ ಹೆಸರಿನಲ್ಲಾದರೂ ಅಥಣಿಯ ರೈತ ಮಗನಿಗೆ ಹೇಳುವುದು “ಉತಾರಾ ತಗಸ್ಕೊಂಡ ಬಾ” ಎಂದೇ. ಹೆಸರು ಬದಲಾದ ಕತೆ ಮಾತ್ರ ಉತಾರದಲ್ಲಿ ಇರುವುದಿಲ್ಲ. ಅದು ನಮೂನೆ 6ರಲ್ಲಿ, ಊರವರು ವರ್ದಿ ಕೊಟ್ಟ ಮೇಲೆ ಬರೆಯುತ್ತಿದ್ದ ಬದಲಾವಣೆಯ ಪುಸ್ತಕದಲ್ಲಿ ಇರುತ್ತದೆ. ಖರೀದಿ, ವಾಟ್ನಿ (ಪಾಲು), ವಾರಸಾ, ಬೋಜಾ (ಸಾಲದ ಹೊರೆ) ಎಲ್ಲವೂ ಅಲ್ಲಿ ಕ್ರಮಸಂಖ್ಯೆಯಲ್ಲಿ. ಉತಾರದಲ್ಲಿ ಹೆಸರಿನ ಪಕ್ಕ ಸುತ್ತು ಹಾಕಿದ ಒಂದು ಸಂಖ್ಯೆ ಮಾತ್ರ. ಹಳೆಯ ಹೆಸರನ್ನು ಕಂಸದೊಳಗೆ ಹಾಕಿ ತೆಗೆದು, ಹೊಸ ಹೆಸರು ಬರೆದು, ಸುತ್ತಿನೊಳಗೆ ಆ ಅಂಕಿ.

ಆ ಸುತ್ತಿನ ಅಂಕಿಯಲ್ಲಿ ಊರ ಹೆಸರಿಲ್ಲ, ಇಸವಿ ಇಲ್ಲ, ಪುಸ್ತಕದ ಹೆಸರಿಲ್ಲ. ‘ಇದೇ ಊರಿನ ಆರನೇ ನಮೂನೆಯಲ್ಲಿ ನೋಡು’ ಎಂಬುದು ಅದರ ಮೌನಾರ್ಥ. ಎರಡೂ ಪುಸ್ತಕಗಳು ಒಂದೇ ಕಪಾಟಿನಲ್ಲಿ ಇದ್ದಾಗ ಇದಕ್ಕಿಂತ ಸಲೀಸು ಬೇರೆ ಇಲ್ಲ. ಉತಾರದ ಪುಸ್ತಕ ತುಂಬಿದಾಗ ಹೊಸದಕ್ಕೆ ಎತ್ತಿ ಬರೆಯುತ್ತಿದ್ದರು. ಚಾಲ್ತಿಯ ಹೆಸರು, ಅದರ ಸುತ್ತಿನ ಅಂಕಿ ಮಾತ್ರ ಮುಂದಕ್ಕೆ ಬರುತ್ತಿದ್ದವು. ಆರನೇ ನಮೂನೆ ಹರಿದುಹೋದರೆ, ಅದರ ಎಣಿಕೆ ಮತ್ತೆ ಒಂದರಿಂದ ಶುರುವಾದರೆ, ಸುತ್ತಿನ ಅಂಕಿ ಬೇರೆ ಯಾರದೋ ವಾಟ್ನಿಯನ್ನು ತೋರಿಸುತ್ತದೆ.

ದಪ್ತರವನ್ನು ಕೈಬದಲು ಮಾಡಿದ ತಾರೀಖುಗಳು ಒಂದರ ಹಿಂದೆ ಒಂದು ಬಂದವು. ಕೊಲ್ಹಾಪುರದ ಶಾಹೂ ಮಹಾರಾಜರು 1918ರಲ್ಲೇ ಕುಲಕರ್ಣಿ ವತನ ತೆಗೆದು ಸಂಬಳದ ತಲಾಠಿಗಳನ್ನು ನೇಮಿಸಿದರು. ಅಂದರೆ ಸಂಸ್ಥಾನದ ರಾಯಬಾಗದ ಕಡೆ ಗಂಟುಗಳು ಆಗಲೇ ಮನೆ ಬಿಟ್ಟವು. ಪಕ್ಕದ ಬ್ರಿಟಿಷ್ ಊರುಗಳಲ್ಲಿ ಕುಲಕರ್ಣಿ ವತನ ರದ್ದಾದದ್ದು 1951ರ ಮೇ 1ಕ್ಕೆ. ಒಂದೇ ಹೊಳೆಯ ನೀರು ಕುಡಿಯುವ ಊರುಗಳ ನಡುವೆ 33 ವರ್ಷದ ಅಂತರ. ಕುಲಕರ್ಣಿ ಮನೆತನದವರು ಪುಸ್ತಕ ಒಪ್ಪಿಸಿದರು, ನೆನಪು ಒಪ್ಪಿಸಲಾಗಲಿಲ್ಲ. ಯಾವ ‘ಅಣ್ಣ’ ಯಾರ ಅಣ್ಣ ಎಂಬುದು ಅವರ ತಲೆಯಲ್ಲೇ ಉಳಿಯಿತು.

1949ರ ಮಾರ್ಚ್ 1ರಂದು ಕೊಲ್ಹಾಪುರ ಮುಂಬಯಿ ಪ್ರಾಂತದಲ್ಲಿ ವಿಲೀನವಾದಾಗ ರಾಯಬಾಗ ಬೆಳಗಾವಿ ಜಿಲ್ಲೆಗೆ ಬಂತು. 1956ರ ನವೆಂಬರ್ 1ರಂದು ಚಂದಗಡ ಬಿಟ್ಟು ಇಡೀ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಚಂದಗಡ ಕೊಲ್ಹಾಪುರ ಜಿಲ್ಲೆಯ ಪಾಲಾಯಿತು. ಉಳಿದ ವತನಿ ಹುದ್ದೆಗಳು 1963ರ ಫೆಬ್ರುವರಿ 1ಕ್ಕೆ ಹೋದವು. 1964ರ ಏಪ್ರಿಲ್‌ನಿಂದ ಇಡೀ ರಾಜ್ಯಕ್ಕೆ ಒಂದೇ ಭೂಕಂದಾಯ ಕಾಯ್ದೆ, ಒಂದೇ ಪಹಣಿ ನಮೂನೆ. ನಮೂನೆಯ ಜೊತೆ ಭಾಷೆಯೂ ಬದಲಾಯಿತು. ಗಡಿಯ ಅನೇಕ ಊರುಗಳಲ್ಲಿ ಮರಾಠಿಯಲ್ಲಿದ್ದ ಪುಸ್ತಕವನ್ನು ಕನ್ನಡದ ಪುಸ್ತಕಕ್ಕೆ ಎತ್ತಿ ಬರೆದವರಿಗೆ ಮೋಡಿ ಬಂದರೂ ಬಂತು, ಇಲ್ಲದಿದ್ದರೆ ಇಲ್ಲ. ಶಾಲೆಗಳಲ್ಲಿ ಅದನ್ನು ಕಲಿಸುವುದು ಅಷ್ಟರಲ್ಲಿ ನಿಂತುಹೋಗಿತ್ತು.

ಗಡಿಯ ಆಚೆ ಇನ್ನೊಂದು ಬದಲಾವಣೆ ನಡೆಯಿತು. ತುಂಡು ಜಮೀನುಗಳನ್ನು ಒಟ್ಟುಗೂಡಿಸುವ 1947ರ ಮುಂಬಯಿ ಕಾಯ್ದೆಯಂತೆ ಪಶ್ಚಿಮ ಮಹಾರಾಷ್ಟ್ರದ ಊರೂರುಗಳಲ್ಲಿ ಸರ್ವೆ ನಂಬರು ಹೋಗಿ ಗಟ್ ನಂಬರು ಬಂತು, ಎಕರೆ-ಗುಂಟೆ ಹೋಗಿ ಹೆಕ್ಟೇರ್-ಆರ್ ಬಂತು. ಗಡಿಯ ಈಚೆ ಕೆಲವೆಡೆ ಬ್ಲಾಕ್ ನಂಬರು ಬಂದದ್ದು ಬಿಟ್ಟರೆ ಹಳೆಯ ಸರ್ವೆ ನಂಬರು, ಎಕರೆ-ಗುಂಟೆಗಳೇ ಉಳಿದವು. ಹೀಗಾಗಿ ಕಾಗವಾಡದಿಂದ ಮಿರಜ ಕಡೆಗೋ ಬೋರಗಾಂವದಿಂದ ಇಚಲಕರಂಜಿ ಕಡೆಗೋ ಎರಡೂ ರಾಜ್ಯಗಳಲ್ಲಿ ಹೊಲ ಇರುವ ಮನೆಯಲ್ಲಿ ಎರಡು ಅಳತೆಯ, ಎರಡು ಎಣಿಕೆಯ ಕಾಗದಗಳಿರುತ್ತವೆ. ಗಡಿಗೆ ಹತ್ತಿದ ಹೊಲದ ಹಳೆಯ ಚಕ್ಕುಬಂದಿಯಲ್ಲಿ ‘ಉತ್ತರಕ್ಕೆ ಇಂಥ ಊರಿನ ಸರ್ವೆ ನಂಬರು ಇಷ್ಟು’ ಎಂದಿದ್ದರೆ ಆ ನಂಬರು ಅಲ್ಲಿನ ಪುಸ್ತಕದಲ್ಲಿ ಈಗ ಇಲ್ಲವೇ ಇಲ್ಲ. ಗಡಿ ವಿವಾದದ ಬಗ್ಗೆ ಮಹಾಜನ ವರದಿಯಿಂದ ಹಿಡಿದು ಸುಪ್ರೀಂ ಕೋರ್ಟಿನವರೆಗೆ ರಾಶಿ ಬರವಣಿಗೆ ಆಗಿದೆ. ಈ ಬದುಗಳ ಬಗ್ಗೆ ಅಷ್ಟಾಗಿ ಯಾರೂ ತಲೆ ಕೆಡಿಸಿಕೊಂಡಿಲ್ಲ.

ಕಂಪ್ಯೂಟರಿನಲ್ಲಿ ಕೈಪಿಡಿ, ತಾಂತ್ರಿಕ ದಾಖಲಾತಿ ಬರೆಯುವವರು ಈ ಕತೆ ಕೇಳಿದರೆ ನಕ್ಕಾರು. ಅವರದೂ ಇದೇ ಗೋಳು. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಬೆಳೆದ ಯುನಿಕ್ಸ್‌ನಲ್ಲಿ ಎರಡು ಚುಕ್ಕಿ ಇಟ್ಟು ಒಂದು ಓರೆಗೆರೆ ಎಳೆದರೆ ‘ಈಗಿರುವ ಫೋಲ್ಡರಿನಿಂದ ಒಂದು ಹಂತ ಮೇಲೆ ಹೋಗು’ ಎಂದರ್ಥ. ಅಲ್ಲಿಂದ ‘ಚಿತ್ರಗಳು’ ಎಂಬ ಫೋಲ್ಡರ್ ಹೊಕ್ಕು ‘ನಕ್ಷೆ’ ತಂದು ತೋರಿಸು ಎಂದು ಪುಟದಲ್ಲಿ ಬರೆದಿಡುತ್ತಾರೆ. ಆ ಪುಟವೊಂದನ್ನೇ ಬೇರೆ ಯೋಜನೆಯ ಫೋಲ್ಡರಿಗೆ ನಕಲು ಮಾಡಿದರೆ ಚಿತ್ರದ ಜಾಗದಲ್ಲಿ ಖಾಲಿ ಚೌಕ. ಹೊಸ ಯೋಜನೆಯಲ್ಲೂ ‘ಚಿತ್ರಗಳು’ ಫೋಲ್ಡರಿನಲ್ಲಿ ‘ನಕ್ಷೆ’ ಎಂಬ ಕಡತ ಇದ್ದುಬಿಟ್ಟರೆ ಖಾಲಿ ಚೌಕವೂ ಇಲ್ಲ. ಬೇರೆಯದೇ ನಕ್ಷೆ ಸದ್ದಿಲ್ಲದೆ ಬಂದು ಕೂರುತ್ತದೆ. ಅಂತರ್ಜಾಲದ ವಿಳಾಸಗಳಿಗಾಗಿ ರಾಯ್ ಫೀಲ್ಡಿಂಗ್ 1995ರ ಜೂನ್‌ನಲ್ಲಿ ಬರೆದ ನಿಯಮಾವಳಿಯ ತಿರುಳೂ ಇದೇ: ಅರ್ಧ ವಿಳಾಸಕ್ಕೆ ಅರ್ಥ ಬರಬೇಕಾದರೆ ಅದನ್ನು ಯಾವ ನೆಲೆಯಿಂದ ಎಣಿಸಬೇಕು ಎಂಬುದು ಮೊದಲು ಗೊತ್ತಿರಬೇಕು. ಉಗಾರದ ಗುಮಾಸ್ತನಿಗೂ ಬೇಕಿದ್ದುದು ಅದೇ.

ಎರಡೂ ಕತೆಗಳು ನಿಜಕ್ಕೂ ಒಂದಾದದ್ದು ಭೂಮಿ ಯೋಜನೆಯಲ್ಲಿ. 2000ದ ಸುಮಾರಿಗೆ ಶುರುವಾಗಿ ಎರಡೇ ವರ್ಷಗಳಲ್ಲಿ ಕರ್ನಾಟಕದ ಎಲ್ಲ ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಅಷ್ಟು ದೊಡ್ಡ ನಕಲು ಅಷ್ಟು ಬೇಗ ಆದದ್ದು ಸಾಧನೆಯೇ. ಹೊಲದ ಗುರುತು ಈಗ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಸರ್‌ನಾಕ್, ಹಿಸ್ಸಾ ಎಂದು ಮೇಲಿಂದ ಕೆಳಗೆ ಇಳಿಯುತ್ತದೆ. ಬುದ್ರುಕ-ಖುರ್ದಗಳ ಗೊಂದಲಕ್ಕೆ ಅಲ್ಲಿ ಎಡೆಯಿಲ್ಲ.

ತೊಡಕು ಬಂದದ್ದು ಕೊನೆಯ ಮೆಟ್ಟಿಲಲ್ಲಿ. ಮುಂಬಯಿ ಕರ್ನಾಟಕದ ಹಿಸ್ಸಾಗಳು ಪಾಲಿನ ಮೇಲೆ ಪಾಲಾಗಿ ಉದ್ದವಾಗಿ ಬೆಳೆದಿದ್ದವು. 45 ಒಡೆದು 45/2, ಅದು ಒಡೆದು 45/2ಅ, ಮತ್ತೆ 45/2ಅ/1. ಅಣ್ಣತಮ್ಮಂದಿರು ಒಂದಾಗಿ ಮಾರಿದಲ್ಲಿ ನಡುವೆ ಒಂದು ಕೂಡುವ ಚಿಹ್ನೆ. ಅಳತೆಯಾಗಿ ಫಾಳಣಿ ನಕಾಶೆ ಆದ ಹಿಸ್ಸಾ ಯಾವುದು, ಬರೀ ಬಾಯಿಮಾತಿನ ವಾಟ್ನಿ ಯಾವುದು ಎಂಬುದು ಹಳೆಯ ತಲಾಠಿಗೆ ಗೊತ್ತಿತ್ತು. ಬೆರಳಚ್ಚಿಗೆ ಕೂತವನಿಗೆ ಅದೆಲ್ಲ ಓರೆಗೆರೆ, ಅಕ್ಷರ, ಅಂಕಿ. ಪಹಣಿಯ ವಿಸ್ತೀರ್ಣಗಳನ್ನು ಕೂಡಿಸಿದರೆ ಆಕಾರಬಂದಕ್ಕೆ ತಾಳೆಯಾಗುವುದಿಲ್ಲ ಎಂಬ ದೂರು ತಾಲ್ಲೂಕು ಕಚೇರಿಗಳಲ್ಲಿ ಇವತ್ತಿಗೂ ಕೇಳುತ್ತದೆ. ‘45ರ ಪೈಕಿ’ ಎಂಬ ನಮೂದು ತನ್ನ ತಾಯಿ ನಂಬರಿನಿಂದ ಬೇರೆಯಾಗಿ ಒಂಟಿಯಾಗಿ ನಿಂತರೆ ಎಷ್ಟರ ಪೈಕಿ ಎಷ್ಟು ಎಂದು ಯಂತ್ರ ಹೇಳಲಾರದು.

ಇಷ್ಟೆಲ್ಲ ಹೇಳಿದ ಮೇಲೂ ಚಕ್ಕುಬಂದಿಯನ್ನು ಹಳೆಯ ಕಾಲದ ಅಡ್ಡಕಸುಬು ಎಂದು ತಳ್ಳಿಹಾಕುವುದು ಸರಿಯಲ್ಲ. 1908ರ ನೋಂದಣಿ ಕಾಯ್ದೆಯ 21ನೆಯ ಕಲಮು ಎರಡನ್ನೂ ಕೇಳುತ್ತದೆ: ಜಮೀನಿಗೆ ಹತ್ತಿದ ದಾರಿ, ಪಕ್ಕದ ಆಸ್ತಿ, ಅದರಲ್ಲಿ ಇರುವವರು ಯಾರು ಎಂಬುದನ್ನೂ ಬರೆಯಬೇಕು, ಆಗುವಲ್ಲೆಲ್ಲ ಸರ್ಕಾರಿ ನಕ್ಷೆ ಅಥವಾ ಮೋಜಣಿಯ ಉಲ್ಲೇಖವನ್ನೂ ಕೊಡಬೇಕು. ಪಟ್ಟಣದ ಮನೆಯಾದರೆ ಬೀದಿಯ ಯಾವ ಬದಿಗೆ ಇದೆ ಎಂದೂ ಹೇಳಬೇಕು. ಕಾಯ್ದೆ ಬರೆದವರಿಗೆ ನಂಬರಿನ ಮೇಲೆ ಪೂರ್ತಿ ಭರವಸೆ ಇರಲಿಲ್ಲ. ಅವರ ಅನುಮಾನ ನಿಜವಾದ ಪ್ರಕರಣವೊಂದು 1960ರ ದಶಕದ ಆರಂಭದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ಬಿಹಾರದ ಶಿವಧ್ಯಾನ್ ಸಿಂಗ್ ಮತ್ತು ಸನಿಚರಾ ಕುವರ್ ನಡುವಿನ ಆ ದಾವೆಯಲ್ಲಿ 1060ನೆಯ ನಂಬರಿನ ಜಮೀನು ಹರಾಜಿನ ಪ್ರಮಾಣಪತ್ರಕ್ಕೆ ಬರುವ ಹೊತ್ತಿಗೆ 160 ಆಗಿತ್ತು. ಎತ್ತಿ ಬರೆಯುವಾಗ ಒಂದು ಸೊನ್ನೆ ಬಿದ್ದುಹೋಗಿತ್ತು. ಖಾತೆ, ವಿಸ್ತೀರ್ಣ, ಸುತ್ತಲಿನ ಹದ್ದು ಮೂರೂ 1060ಕ್ಕೇ ಹೊಂದುತ್ತವೆ, ಆದ್ದರಿಂದ ಇದು ಬರೀ ಕೈತಪ್ಪು ಎಂದು ನ್ಯಾಯಾಲಯ ತೀರ್ಮಾನಿಸಿತು. ಸುತ್ತಲಿನ ಹದ್ದನ್ನು ಯಾರೂ ಬರೆದಿರದಿದ್ದರೆ ಆ ಜಮೀನಿನ ಗತಿ ಏನಾಗುತ್ತಿತ್ತೋ. ಚಿಕ್ಕೋಡಿಯ ಹಿರಿಯ ವಕೀಲರು ಎದುರಾಳಿಯ ಕಾಗದದಲ್ಲಿ ಮೊದಲು ನಂಬರನ್ನಲ್ಲ, ನಾಲ್ಕು ದಿಕ್ಕನ್ನು ಓದುವುದು ಸುಮ್ಮನೆ ಅಲ್ಲ.

ಹದ್ದೇ ಸರಿದಾಡುವಲ್ಲಿ ಮಾತ್ರ ಎರಡೂ ಕೈಕೊಡುತ್ತವೆ. ದೂಧಗಂಗಾ, ವೇದಗಂಗಾಗಳ ನೀರು ಸೇರಿಸಿಕೊಂಡು ಕೃಷ್ಣೆ ಯಡೂರ, ಮಾಂಜರಿ, ಜುಗೂಳ, ಕುಡಚಿಗಳ ದಂಡೆ ತೊಳೆಯುತ್ತಾ ಹೋಗುತ್ತದೆ. 2005, 2019, 2021ರ ಮಹಾಪೂರಗಳನ್ನು ಕಂಡವರಿಗೆ ಹೊಳೆ ಒಂದು ಕಡೆ ನೆಲ ತಿಂದು ಇನ್ನೊಂದು ಕಡೆ ಮಣ್ಣು ಒಡ್ಡುವುದನ್ನು ವಿವರಿಸಬೇಕಿಲ್ಲ. ‘ದಕ್ಷಿಣಕ್ಕೆ ಕೃಷ್ಣಾ ಹೊಳೆ’ ಎಂದು ಬರೆದ ಪತ್ರ ಹೊಳೆ ಸರಿದ ಮೇಲೂ ಸುಳ್ಳಾಗುವುದಿಲ್ಲ, ವಿಸ್ತೀರ್ಣ ಸುಳ್ಳಾಗುತ್ತದೆ. 1879ರ ಸಂಹಿತೆಗೆ ಇದು ಗೊತ್ತಿತ್ತು. ಅರ್ಧ ಎಕರೆಗೆ ಕಡಿಮೆಯಿಲ್ಲದಷ್ಟು ನೆಲ ಕೊಚ್ಚಿಹೋದರೆ ಕಂದಾಯ ಇಳಿಸಿಕೊಳ್ಳುವ ಹಕ್ಕು ರೈತನಿಗಿತ್ತು.

ಗಾವಠಾಣಾದ ಕತೆ ಇನ್ನೂ ಬೇರೆ. ಊರ ನಡುವಿನ ಮನೆಗಳಿಗೆ ಸರ್ವೆ ನಂಬರೇ ಇರಲಿಲ್ಲ. ನಿಪ್ಪಾಣಿಯಂಥ ಪೇಟೆಗಳಿಗೆ ಸಿಟಿ ಸರ್ವೆ ಆಗಿ ಸಿ.ಟಿ.ಎಸ್. ನಂಬರು ಸಿಕ್ಕಿತು. ಹಳ್ಳಿಗಳಲ್ಲಿ ಪಂಚಾಯಿತಿಯ ಮನೆ ನಂಬರೇ ಗತಿ, ಅದೂ ಪಂಚಾಯಿತಿ ಹೊಸ ಪಟ್ಟಿ ಮಾಡಿದಾಗ ಬದಲಾಗುವಂಥದ್ದು. ಹೀಗಾಗಿ ಹಳ್ಳಿಮನೆಯ ವಿಳಾಸ ಬಹಳ ಕಾಲ ನೆರೆಯವರ ಗೋಡೆಗಳ ನಡುವೆಯೇ ಇತ್ತು. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಈ ಮನೆಗಳನ್ನು ಅಕ್ಷಾಂಶ, ರೇಖಾಂಶಗಳಲ್ಲಿ ಗುರುತಿಸತೊಡಗಿದ್ದಾರೆ. ನಾಲ್ಕು ಗೋಡೆ ಯಾರದೇ ಆಗಲಿ, ಆ ಅಂಕಿ ಬದಲಾಗುವುದಿಲ್ಲ.

2024ರಲ್ಲಿ ಆರಂಭವಾದ ಭೂ ಸುರಕ್ಷಾ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ಹಳೆಯ ಕಡತಗಳು ಸ್ಕ್ಯಾನ್ ಆಗುತ್ತಿವೆ. ಚಿತ್ರ ತೆಗೆಯುವುದು ಅದರಲ್ಲಿ ಹಗುರ ಕೆಲಸ, ಹೆಸರಿಟ್ಟು ಸೂಚಿ ಮಾಡುವುದು ಭಾರ. ಸೂಚಿ ಮಾಡುವವನು ಪ್ರತಿ ಹಾಳೆಗೂ ಅದು ಯಾವ ಊರಿನ, ಯಾವ ಇಸವಿಯ, ಯಾವ ಪುಸ್ತಕದ್ದು ಎಂದು ಕೂಡಿಸಬೇಕು. ಕುಲಕರ್ಣಿ ‘ಮಜಕೂರ’ ಎಂದು ಬಿಟ್ಟದ್ದನ್ನು ಇವನು ತುಂಬಬೇಕು. ಅಷ್ಟರಲ್ಲಿ ವಿಳಾಸದ ಮೇಲಿನ ಮೆಟ್ಟಿಲೇ ಮತ್ತೆ ಬದಲಾಗಿದೆ. 2018ರಲ್ಲಿ ನಿಪ್ಪಾಣಿ ಚಿಕ್ಕೋಡಿಯಿಂದ, ಕಾಗವಾಡ ಅಥಣಿಯಿಂದ ಬೇರೆಯಾಗಿ ಹೊಸ ತಾಲ್ಲೂಕುಗಳಾದವು. ಶೇಡಬಾಳದ, ಐನಾಪುರದ, ಉಗಾರದ ಹಳೆಯ ಕಾಗದಗಳ ಮೇಲೆಲ್ಲ ಅಥಣಿಯ ಮುದ್ರೆ, ಹೊಸ ಉತಾರದ ಮೇಲೆ ಕಾಗವಾಡ. ರಾಯಬಾಗದ 1949ರ ಹಿಂದಿನದಕ್ಕೆ ಕೊಲ್ಹಾಪುರದ ಮುದ್ರೆ. ಬಾಂಡ್ ರೈಟರುಗಳು ಇದಕ್ಕೆ ತಮ್ಮದೇ ಪರಿಹಾರ ಕಂಡುಕೊಂಡಿದ್ದಾರೆ. ‘ಹಿಂದಿನ ತಾ. ಅಥಣಿ, ಹಾಲಿ ತಾ. ಕಾಗವಾಡ’ ಎಂದು ಎರಡನ್ನೂ ಬರೆದು, ಸರ್ವೆ ನಂಬರು ಹಾಕಿ, ಕೆಳಗೆ ಎಂದಿನಂತೆ ನಾಲ್ಕು ದಿಕ್ಕು. ಪಕ್ಕದ ಹೊಲದವನ ಹೆಸರಿನ ಮುಂದೆ ಈಗೀಗ ಅವನ ಸರ್ವೆ ನಂಬರನ್ನೂ ಸೇರಿಸುತ್ತಾರೆ.